ಕೊಡಲಿ ಬಿದ್ದದ್ದು ಮರಕ್ಕೆ

ಚಿತ್ರದುರ್ಗ ಎಂದೊಡನೆ ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ, ಮದಕರಿ ನಾಯಕರ ಹೆಸರು ನಾಲಿಗೆ ಮೇಲೆ ಬರುತ್ತದೆ. ಅದೇ ತಾಲ್ಲೂಕಿನ ತುರುವನೂರಿನ ಹೆಸರು ಬರುವುದಿಲ್ಲ. 1939ರಲ್ಲಿ ಆ ಊರ ಜನ ಕೊಡಲಿ ಹಿಡಿದು ಹೊರಟರು. ಯಾರ ಮನೆಯ ಮೇಲೂ ಅಲ್ಲ, ಕಚೇರಿಯ ಮೇಲೂ ಅಲ್ಲ, ಈಚಲು ಮರಗಳ ಮೇಲೆ. ಮರ ಸರ್ಕಾರದ ಸ್ವತ್ತು, ಅದನ್ನು ಕಡಿಯುವುದು ಅಪರಾಧ. ಅದು ಗೊತ್ತಿದ್ದೇ ಕಡಿದರು. ಮುಂದಾಳಾಗಿ ನಿಂತವರು ದುರ್ಗದಲ್ಲಿ ವಕೀಲಿ ಮಾಡುತ್ತಿದ್ದ ಎಸ್. ನಿಜಲಿಂಗಪ್ಪ. ಆಗ ಅವರಿಗೆ 37ನೇ ವರ್ಷ ನಡೆಯುತ್ತಿತ್ತು. ಕಾನೂನು ಓದಿದ ಮನುಷ್ಯ, ಕಾನೂನು ಮುರಿಯುವವರ ಮುಂದೆ ನಡೆದು ಜೈಲಿಗೆ ಹೋದರು. ಈ ಸಂಗತಿ ಶಾಲೆಯ ಪಾಠದಲ್ಲಿ ‘ಅರಣ್ಯ ಸತ್ಯಾಗ್ರಹ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗುತ್ತದೆ. ಧರ್ಮದಲ್ಲಿ, ರಾಜಕೀಯದಲ್ಲಿ ಮನುಷ್ಯ ‘ತೀವ್ರಗಾಮಿ’ ಆಗುವುದೆಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಈಚಲು ಮರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಬಯಲುಸೀಮೆಯಲ್ಲಿ ಹಳ್ಳದ ದಂಡೆ, ಕೆರೆಯ ಹಿಂದಿನ ತಗ್ಗು, ಯಾರೂ ಉಳದ ಜವುಳು ನೆಲ ಅದರ ಜಾಗ. ನೆಟ್ಟವರಿಲ್ಲ, ನೀರೆರೆದವರಿಲ್ಲ. ಗರಿಯಿಂದ ಚಾಪೆ, ಪೊರಕೆ, ಬುಟ್ಟಿ. ಹಣ್ಣು ದನ ಕಾಯುವ ಹುಡುಗರ ಪಾಲು. ತಲೆಯ ಹತ್ತಿರ ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯಿಡೀ ತೊಟ್ಟಿಕ್ಕಿದ ರಸ ಬೆಳಗಿನ ಜಾವಕ್ಕೆ ಸಿಹಿಯಾದ ನೀರಾ. ಬಿಸಿಲೇರಿದಂತೆ ಅದೇ ಹುಳಿ ಬಂದು ಹೆಂಡ. ಮಗುವಿಗೆ ಕುಡಿಸಬಹುದಾದದ್ದಕ್ಕೂ ಮನೆ ಹಾಳು ಮಾಡುವುದಕ್ಕೂ ನಡುವೆ ಕೆಲವೇ ತಾಸು. ಹೆಂಡದ ಹುಟ್ಟುವಳಿ ಸರ್ಕಾರದ ಖಜಾನೆಗೆ, ಲಾಭ ಗುತ್ತಿಗೆದಾರನಿಗೆ, ನಷ್ಟ ಕೂಲಿಯವನ ಹೆಂಡತಿಗೆ. ಹೀಗಾಗಿ ಗಾಂಧಿ ಚಳವಳಿಯ ಕಾಲದಲ್ಲಿ ಮರವೇ ಸರ್ಕಾರದ ಪ್ರತಿನಿಧಿಯಂತೆ ಕಂಡಿತು. ತಮಿಳುನಾಡಿನಲ್ಲಿ ಪೆರಿಯಾರ್ ತಮ್ಮ ತೋಟದ ತೆಂಗಿನ ಮರಗಳನ್ನೇ ಕಡಿಸಿದ್ದು ಇದೇ ಕಾರಣಕ್ಕೆ. ಶಿವಪುರದ ಧ್ವಜ ಸತ್ಯಾಗ್ರಹದಲ್ಲಿ ಜೈಲು ಕಂಡ ಬಳ್ಳಾರಿ ಸಿದ್ದಮ್ಮನವರೂ ಈಚಲು ಕಡಿಯುವ ಚಳವಳಿಗೆ ಇಳಿದಿದ್ದರು. ಈ ಮರಕ್ಕೆ ನಮ್ಮ ಭಾಷೆ ಹೊರಿಸಿದ ಅಪವಾದವೂ ದೊಡ್ಡದು. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದಂತೆ, ಎನ್ನುತ್ತೇವೆ. ಕುಡಿದದ್ದು ಮಜ್ಜಿಗೆಯೇ ಆದರೂ ಕೂತ ಜಾಗ ನೋಡಿ ಊರು ತೀರ್ಪು ಕೊಟ್ಟುಬಿಡುತ್ತದೆ.

ಯಾರನ್ನು ತೀವ್ರಗಾಮಿ ಎನ್ನಬೇಕು ಎಂಬ ವಿಷಯದಲ್ಲೂ ನಾವು ಮಾಡುತ್ತಿರುವುದು ಇದನ್ನೇ. ಗಡ್ಡ, ಟೋಪಿ, ಕೇಸರಿ ಶಾಲು, ಕೆಂಪು ಬಾವುಟ, ಕೂತ ಜಾಗ ನೋಡಿ ತೀರ್ಪು. ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಸೌಮ್ಯವಾದಿ, ಮಂದಗಾಮಿ, ತೀವ್ರಗಾಮಿ, ಉಗ್ರಗಾಮಿ ಎಂದು ಸಾಲಾಗಿ ಹೇಳಿದಾಗ ಎಲ್ಲರೂ ಒಂದೇ ದಾರಿಯಲ್ಲಿ ಹೊರಟವರು, ವೇಗ ಮಾತ್ರ ಬೇರೆ ಎಂಬ ಭಾವನೆ ಬರುತ್ತದೆ. ಹಾಗಿದ್ದರೆ ತುರುವನೂರಿನವರು ಆ ಕಾಲದ ಮೈಸೂರು ಸಂಸ್ಥಾನದ ಕಣ್ಣಿಗೆ ಉಗ್ರರೇ. ಅವರ ಬೇಡಿಕೆಯಲ್ಲಿ ಸೌಮ್ಯವಾದದ್ದು ಏನೂ ಇರಲಿಲ್ಲ. ಅರಮನೆಯ ಕೈಯಲ್ಲಿದ್ದ ಅಧಿಕಾರ ಜನರ ಕೈಗೆ ಬರಬೇಕು, ಜವಾಬ್ದಾರಿ ಸರ್ಕಾರ ಬೇಕು ಎಂಬುದು ಬುಡಕ್ಕೇ ಕೈಹಾಕುವ ಮಾತು. ಆದರೂ ಅವರನ್ನು ನೆನೆದಾಗ ಭಯವಾಗುವುದಿಲ್ಲ. ಅವರು ಗೆದ್ದವರ ಪಕ್ಷದವರು ಎಂಬುದು ಅದಕ್ಕೆ ಕಾರಣವಲ್ಲ. ಅವರ ಕೊಡಲಿ ಬಿದ್ದದ್ದು ಮರಕ್ಕೆ. ಮರದ ಹಿಂದಿದ್ದ ಅಮಲ್ದಾರ, ಜವಾನ, ಗುತ್ತಿಗೆದಾರ ಅವರ ಪಾಲಿಗೆ ಮನುಷ್ಯರಾಗಿಯೇ ಉಳಿದರು. ಕಡಿದವರು ಓಡಿಹೋಗಲಿಲ್ಲ, ದಂಡನೆಯನ್ನು ತಮ್ಮ ಮೈಮೇಲೆ ತಂದುಕೊಂಡರು. ಎದುರಿಗಿರುವವನು ಉತ್ತರ ಕೊಡಲು ಜಾಗ ಬಿಟ್ಟರು. ನಂಬಿಕೆ ಎಷ್ಟು ಆಳ ಎಂಬುದರಿಂದ ಮನುಷ್ಯ ತೀವ್ರಗಾಮಿಯಾಗುವುದಿಲ್ಲ. ಎದುರಿನವನು ಮನುಷ್ಯನಾಗಿ ಕಾಣುವುದು ನಿಂತ ದಿನ, ಯಾವ ಪುರಾವೆಯೂ ಕಿವಿಗೆ ಬೀಳದ ದಿನ ಆಗುತ್ತಾನೆ. ಕನ್ನಡದ ‘ಮತಾಂಧ’ ಎಂಬ ಹಳೆಯ ಪದ ಈ ವಿಷಯದಲ್ಲಿ ಹೆಚ್ಚು ನಿಖರ. ಅದು ವೇಗ ಅಳೆಯುವುದಿಲ್ಲ, ಕಣ್ಣು ಪರೀಕ್ಷಿಸುತ್ತದೆ.

ಮೂರೇ ವರ್ಷದ ನಂತರ, ಪಕ್ಕದ ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ ಅದೇ ಚಳವಳಿ, ಅದೇ ಖಾದಿ. 1942ರಲ್ಲಿ ಊರು ತಾನು ಸ್ವತಂತ್ರ ಎಂದು ಘೋಷಿಸಿಕೊಂಡಿತು. ಎಳೆಯ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ಕೂರಿಸಿತು. ಇಲ್ಲಿಯವರೆಗೆ ಅದು ತುರುವನೂರಿನ ತಮ್ಮನೇ. ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಪೊಲೀಸರೊಂದಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಊರು ಪಟ್ಟು ಹಿಡಿಯಿತು, ಅತ್ತ ಲಾಠಿ ಬಂದೂಕು ಮಾತಾಡಿದವು, ಇತ್ತ ಜನ ನುಗ್ಗಿದರು. ಇಬ್ಬರು ಅಧಿಕಾರಿಗಳೂ ಅಲ್ಲೇ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಈಸೂರಿನವರ ತ್ಯಾಗವನ್ನು ಸಣ್ಣದು ಮಾಡುವ ಉದ್ದೇಶ ಇಲ್ಲಿಲ್ಲ. ಸರ್ಕಾರದ ಕ್ರೌರ್ಯವೂ ಕಡಿಮೆ ಇರಲಿಲ್ಲ. ಆದರೆ ಆ ಟೋಪಿಯನ್ನು ಹತ್ತಿರದಿಂದ ನೋಡಬೇಕು. ತನ್ನ ತಲೆಗೆ ತಾನೇ ಹಾಕಿಕೊಂಡಾಗ ಅದು ವ್ರತ. ಇನ್ನೊಬ್ಬನ ತಲೆಗೆ ಒತ್ತಾಯದಿಂದ ಇಡಲು ಹೊರಟಾಗ, ಅವನು ಒಲ್ಲೆ ಎಂದದ್ದೇ ಅಪರಾಧವಾಗುತ್ತದೆ. ಒಂದು ಊರು ಇನ್ನೊಂದು ಮನಃಸ್ಥಿತಿಗೆ ದಾಟಿದ್ದು ಅಷ್ಟು ಚಿಕ್ಕ ಜಾಗದಲ್ಲಿ.

ಇದೆಲ್ಲ ಹಸಿವಿನ ಫಲ, ಹೊಟ್ಟೆ ತುಂಬಿದರೆ ಯಾರೂ ಉಗ್ರರಾಗುವುದಿಲ್ಲ ಎಂಬ ವಾದ ಬಹಳ ಜನರ ಬಾಯಲ್ಲಿದೆ. ಬರ ಎಂದರೇನೆಂದು ಹಿರಿಯೂರು, ಹೊಳಲ್ಕೆರೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬರವೇ ಕಾರಣವಾಗಿದ್ದರೆ ಈ ಸೀಮೆ ನೂರು ವರ್ಷದಿಂದ ಹೊತ್ತಿ ಉರಿಯಬೇಕಿತ್ತು. ಮಲೆನಾಡಿನ ನಕ್ಸಲ್ ಚಳವಳಿಯ ನಾಯಕ ಸಾಕೇತ್ ರಾಜನ್ ಹಸಿದು ಕಾಡಿಗೆ ಹೋದವರಲ್ಲ. ಮೈಸೂರಿನಲ್ಲಿ ಬೆಳೆದವರು, ಪತ್ರಿಕೋದ್ಯಮ ಓದಿದವರು, ಕರ್ನಾಟಕದ ಚರಿತ್ರೆಯ ಮೇಲೆ ಎರಡು ಸಂಪುಟ ಬರೆದವರು. 2005ರ ಫೆಬ್ರುವರಿಯಲ್ಲಿ ಪೊಲೀಸರ ಗುಂಡಿಗೆ ಅವರು ಸತ್ತರು. ಅದಾದ ಕೆಲವೇ ದಿನಕ್ಕೆ ನಮ್ಮ ಜಿಲ್ಲೆಯ ಮಗ್ಗುಲಲ್ಲೇ ಇರುವ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮಲಗಿದ್ದ ಪೊಲೀಸರ ಮೇಲೆ ದಾಳಿ ನಡೆಯಿತು. ಶಾಲೆಯ ಕಟ್ಟಡದಲ್ಲಿ ತಂಗಿದ್ದ, ಸಂಬಳಕ್ಕೆ ದುಡಿಯುವ ಬಡವರ ಮನೆಯ ಮಕ್ಕಳು ಅವರು. ಬಡವರ ಹೆಸರಿನಲ್ಲಿ ಹಿಡಿದ ಬಂದೂಕಿಗೆ ಅವರ ಖಾಕಿ ಕಂಡಿತು, ಮುಖ ಕಾಣಲಿಲ್ಲ. ಸಿಟ್ಟಿಗೆ ಕಾರಣ ಬಡತನವಿರಬಹುದು, ಅನ್ಯಾಯವಂತೂ ಇದ್ದೇ ಇದೆ. ಆದರೆ ಆ ಸಿಟ್ಟನ್ನು ಕುರುಡು ಮಾಡುವುದಕ್ಕೆ ಬೇರೆ ತರಬೇತಿ ಬೇಕು. ಆ ತರಬೇತಿ ಓದಿದವರಿಗೂ ಸಿಗುತ್ತದೆ, ಎಷ್ಟೋ ಸಲ ಅವರಿಗೇ ಮೊದಲು ಸಿಗುತ್ತದೆ.

ಧರ್ಮದ ಮಾತಿಗೆ ಬಂದರೂ ಅಳತೆ ಇದೇ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ 2023ರ ನವೆಂಬರ್‌ನಲ್ಲಿ, ಕಾರ್ಯಕ್ರಮದ ಆರಂಭಕ್ಕೆ ಗಣಪತಿ ಸ್ತುತಿ ಲಿಂಗಾಯತರ ಸಂಸ್ಕೃತಿಯಲ್ಲ ಎಂದರು. ನಾಡಿನ ತುಂಬ ಗದ್ದಲವೆದ್ದಿತು. ಕೋಟ್ಯಂತರ ಜನ ಮೊದಲ ಪೂಜೆ ಸಲ್ಲಿಸುವ ದೇವರ ಬಗ್ಗೆ ಮಠಾಧಿಪತಿಯೊಬ್ಬರು ಹೀಗೆ ಹೇಳುವುದು ಸಣ್ಣ ಮಾತಲ್ಲ, ಬೇರಿಗೆ ಹೋಗುವ ನಿಲುವು. ಒಪ್ಪದವರಿಗೆ ಅದು ನೋವಿನ ಮಾತೂ ಹೌದು. ಆದರೆ ಆ ಊರು 1997ರಿಂದ ಶಿವಸಂಚಾರದ ನಾಟಕಗಳನ್ನು ಹೊತ್ತು ನಾಡು ಸುತ್ತುತ್ತಿದೆ. ನಾಟಕ ಎಂದರೆ ಎದುರಾಳಿಗೂ ಒಳ್ಳೆಯ ಸಂಭಾಷಣೆ ಕೊಡಬೇಕಾದ ಕಲೆ; ಬಿಜ್ಜಳನ ಪಾತ್ರಧಾರಿ ಬಿಜ್ಜಳನ ಪರವಾಗಿ ವಾದಿಸಲೇಬೇಕು. ಅಲ್ಲಿ ನಿಷ್ಠುರತೆ ಇದೆ, ಕುರುಡಿಲ್ಲ ಎಂದು ಧೈರ್ಯವಾಗಿ ಬರೆಯಬಹುದು. ಅದೇ ತಾಲ್ಲೂಕಿನ ಇನ್ನೊಂದು ಸಂಗತಿ ಇಷ್ಟು ಸಮಾಧಾನ ಕೊಡುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಹೊಸದುರ್ಗದ ಆಗಿನ ಶಾಸಕ ಗೂಳಿಹಟ್ಟಿ ಶೇಖರ್, ತಮ್ಮ ತಾಯಿಯೇ ಕ್ರೈಸ್ತ ಮತಕ್ಕೆ ಹೋಗಿದ್ದಾರೆಂದು ವಿಧಾನಸಭೆಯಲ್ಲಿ ಹೇಳಿದರು. ಮಗನ ನೋವು ಸುಳ್ಳಲ್ಲ. ಸಮೀಕ್ಷೆ ನಡೆಯಿತು, ಬಲವಂತದ ಮತಾಂತರ ಕಂಡುಬಂದಿಲ್ಲ ಎಂದು ತಾಲ್ಲೂಕು ಆಡಳಿತದ ವರದಿ ಬಂತು, ಆಮೇಲೆ ತಹಶೀಲ್ದಾರರ ವರ್ಗಾವಣೆಯೂ ಸುದ್ದಿಯಾಯಿತು. ವರದಿ ತಪ್ಪೆನಿಸಿದ್ದರೆ ಇನ್ನೊಂದು ಸಲ ಮನೆಮನೆಗೆ ಹೋಗಿ ಕೇಳಬಹುದಿತ್ತು. ಚರ್ಚೆ ಆ ದಾರಿ ಹಿಡಿಯಲಿಲ್ಲ. 2022ರಲ್ಲಿ ಮತಾಂತರ ತಡೆಯುವ ಕಾಯ್ದೆಯೇ ಬಂತು. ಪ್ರಾರ್ಥನೆಗೆ ಹೋಗುವ ಹೆಣ್ಣುಮಗಳ ಬಾಯಿಂದ ‘ಯಾಕೆ ಹೋದೆ’ ಎಂಬುದಕ್ಕೆ ಉತ್ತರ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಆಚೆ ಬದಿಯಲ್ಲೂ, ಊರದೇವತೆಯ ಪ್ರಸಾದವನ್ನು ಸೈತಾನನ ತಿನಿಸೆಂದು ಕಲಿಸುವ ಬೋಧಕನಿಗೆ ನೆರೆಮನೆಯವಳ ಭಕ್ತಿ ಕಾಣುವುದಿಲ್ಲ. ಈ ಎರಡೂ ಕಡೆಯವರ ಸಂಖ್ಯೆ, ಬಲ ಸಮವಲ್ಲ. ಕಣ್ಣಿನ ರೋಗ ಮಾತ್ರ ಒಂದೇ.

ಇಷ್ಟು ಮೃದುವಾಗಿ ಅಳೆದರೆ ಅನ್ಯಾಯಕ್ಕೆ ಒಳಗಾದವನಿಗೆ ಹೋರಾಡಲು ಏನು ಉಳಿಯಿತು, ಎದುರಾಳಿಯ ಮನುಷ್ಯತ್ವ ನೋಡುತ್ತ ಕೂರುವುದು ಉಳ್ಳವರ ಸೌಖ್ಯವಲ್ಲವೇ ಎಂದು ಕೇಳುವವರಿದ್ದಾರೆ. ಗಟ್ಟಿಯಾದ ಪ್ರಶ್ನೆ. ತುರುವನೂರಿನವರು ಕೂರಲಿಲ್ಲ ಎಂಬುದೇ ಅದಕ್ಕೆ ಉತ್ತರ. ಅವರು ಕಾನೂನು ಮುರಿದರು, ಖಜಾನೆಗೆ ನಷ್ಟ ಮಾಡಿದರು, ಸೆರೆಮನೆ ಸೇರಿದರು. ಇದಕ್ಕಿಂತ ಬಿರುಸಾದ ರಾಜಕೀಯ ಬಹಳಿಲ್ಲ. ಅವರ ಕೈಯೂ ಪೂರ್ತಿ ಶುದ್ಧವಾಗಿರಲಿಲ್ಲ. ಮರ ಹತ್ತಿ ಮಡಕೆ ಇಳಿಸಿ ಬದುಕುತ್ತಿದ್ದ ಈಡಿಗರ ಅನ್ನ ಆ ಮರದ ಜೊತೆಗೇ ಉರುಳಿತು. ಬಿದ್ದ ಮರದಲ್ಲಿ ಚಾಪೆ ಪೊರಕೆಗಳೂ ಇದ್ದವು. ಸರ್ಕಾರದ ಪ್ರತಿನಿಧಿ ಎಂದು ಕಡಿದದ್ದು ಇನ್ನೊಬ್ಬ ಬಡವನ ಬದುಕಾಗಿತ್ತು ಎಂಬ ಮಾತನ್ನು ಚಳವಳಿಯ ಚರಿತ್ರೆಗಳು ದಪ್ಪಕ್ಷರದಲ್ಲಿ ಬರೆಯುವುದಿಲ್ಲ. ಆದರೆ ಅನ್ನವನ್ನು ಮರಳಿ ಕೊಡಬಹುದು, ತಪ್ಪೊಪ್ಪಿಕೊಳ್ಳಬಹುದು, ವಾದ ಮುಂದುವರಿಸಬಹುದು. ಈಸೂರಿನ ಇಬ್ಬರು ಅಧಿಕಾರಿಗಳ ಮನೆಯವರ ಹತ್ತಿರ, ಐವರು ಹುತಾತ್ಮರ ಮನೆಯವರ ಹತ್ತಿರ ಆ ಅವಕಾಶ ಉಳಿದಿರಲಿಲ್ಲ.

ಆ ಕುರುಡಿನ ಒಳಗೆ ಹೋದವರು ಹೊರಗೆ ಬರುವುದೂ ಉಂಟು. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಮಾತುಕತೆಗೆ ಸೇತುವೆಯಾದವರಲ್ಲಿ ಅವರ ದಾರಿ ಒಪ್ಪದಿದ್ದರೂ ಅವರ ಬೇಡಿಕೆಗಳನ್ನು ಕೇಳಿಸಿಕೊಂಡವರಿದ್ದರು. ನಿಜಲಿಂಗಪ್ಪನವರ ಕಥೆಯೂ 1939ಕ್ಕೆ ನಿಲ್ಲುವುದಿಲ್ಲ. ಅವರು ಮುಖ್ಯಮಂತ್ರಿಯಾದರು. ಮೈಸೂರು ರಾಜ್ಯ 1967ರಲ್ಲಿ ಪಾನನಿರೋಧವನ್ನು ಕೈಬಿಟ್ಟಾಗ ಆ ಕುರ್ಚಿಯಲ್ಲಿದ್ದವರು ಅವರೇ. ಹೆಂಡದ ಮರ ಕಡಿಸಿದ ಮನುಷ್ಯನ ಸರ್ಕಾರ ಹೆಂಡಕ್ಕೆ ಮತ್ತೆ ಬಾಗಿಲು ತೆರೆಯಿತು. ಅದನ್ನು ದ್ರೋಹ ಎಂದವರಿದ್ದರು, ಆ ಕೂಲಿಯವನ ಹೆಂಡತಿಯ ದೃಷ್ಟಿಯಿಂದ ನೋಡಿದರೆ ಅವರ ಮಾತಿನಲ್ಲಿ ಹುರುಳಿದೆ. ಆದರೂ ಕಳ್ಳಭಟ್ಟಿಯ ಲೆಕ್ಕ, ಖಜಾನೆಯ ಲೆಕ್ಕ ಎದುರಿಗಿಟ್ಟಾಗ ತಾನು ಜೈಲಿಗೆ ಹೋದ ನಂಬಿಕೆಯನ್ನೇ ಮತ್ತೊಮ್ಮೆ ತೂಗಲು ಒಪ್ಪಿದ ಮನಸ್ಸು ಅದು. ತೂಕ ತಪ್ಪಿತ್ತೇ ಎಂಬುದರ ಬಗ್ಗೆ ತುರುವನೂರಿನ ಯಾವ ಕಟ್ಟೆಯ ಮೇಲೆ ಬೇಕಾದರೂ ಇವತ್ತೂ ಜಗಳ ಮಾಡಬಹುದು.