ಎಳೆಯೋ ಪಟಕ್ಕೊಂದು ಬಯಲು ಹುಡುಕುತ್ತಾ

ರಾಯಚೂರಿನ ಬಿಸಿಲಿನ ಬಗ್ಗೆ ಮಾತಾಡದವರಿಲ್ಲ. ಗಾಳಿಯ ಬಗ್ಗೆ ಮಾತಾಡುವವರು ಕಡಿಮೆ. ಆದರೆ ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಪಡುವಣದಿಂದ ಬೀಸುವ ಗಾಳಿ ನಮ್ಮ ಮಾಳಿಗೆ ಮೇಲೆ ಒಣಹಾಕಿದ ಬಟ್ಟೆಯನ್ನು ಪಕ್ಕದ ಮನೆಗೆ ಮುಟ್ಟಿಸಿಬಿಡುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆ ಸುರಿಸಿ ಬರುವ ಮುಂಗಾರು ಗಾಳಿ ನಮ್ಮಲ್ಲಿಗೆ ಬಂದಾಗ ನೀರಿಗಿಂತ ಧೂಳನ್ನೇ ಹೆಚ್ಚು ಹೊತ್ತಿರುತ್ತದೆ. ರೈತರು ಆಕಾಶ ನೋಡಿ ನಿಟ್ಟುಸಿರು ಬಿಡುವ ಹೊತ್ತಿಗೆ ಹುಡುಗರು ಪಟ ಹಿಡಿದು ಓಡುತ್ತಿರುತ್ತಾರೆ.

ನಾನೂ ಹಾಗೆ ಓಡಿದವನೇ. ಹಳೇ ಪೇಪರು, ಪೊರಕೆ ಕಡ್ಡಿ, ಮೈದಾ ಅಂಟು, ಹರಿದ ಸೀರೆ ಅಂಚಿನ ಬಾಲಂಗೋಚಿ. ಅದಕ್ಕಿಂತ ಹೆಚ್ಚಿನ ಪಟ ನಾನು ಕಂಡಿರಲಿಲ್ಲ. ಹೋದ ವರ್ಷ ಜೂನ್‌ನಲ್ಲಿ ಪುಣೆಯಲ್ಲಿ ಓದುವ ನನ್ನ ಅಳಿಯ, ಅಂದರೆ ತಂಗಿಯ ಮಗ, ಬೆನ್ನಿಗೆ ಹಾಕುವ ಸಣ್ಣ ಚೀಲವೊಂದನ್ನು ತಂದು ನಡುಮನೆಯಲ್ಲಿ ಸುರಿದ. ಎಂಟಡಿ ಅಗಲದ ತೆಳು ಬಟ್ಟೆ, ಒಂದು ಹಿಡಿಕೆ ಕೋಲು, ಮೂರು ದಾರ. ಕಡ್ಡಿಯೇ ಇಲ್ಲ!

"ಇದೇನಪಾ, ಗಾದಿ ಗಲೀಫೇನು?" ಅಂದೆ.

"ಪವರ್ ಕೈಟ್ ಮಾಮಾ. ಇದನ್ನ ನಾವು ಎಳೆಯಾಂಗಿಲ್ಲ, ಇದೇ ನಮ್ಮನ್ನ ಎಳಿತದ" ಅಂದ.

ಅವನ ಮಾತು ಎಷ್ಟು ನಿಜ ಅನ್ನುವುದು ಒಂದು ವಾರದಲ್ಲೇ ಗೊತ್ತಾಯಿತು.

ಇದೇನು ಹೊಸದಲ್ಲ

ಪಟದಿಂದ ಎಳೆಸಿಕೊಳ್ಳುವ ಆಸೆ ಹಳೆಯದು. ಇಂಗ್ಲೆಂಡಿನ ಬ್ರಿಸ್ಟಲ್‌ನ ಜಾರ್ಜ್ ಪೊಕಾಕ್ ಎಂಬ ಶಾಲಾ ಮೇಷ್ಟ್ರು 1826ರಲ್ಲೇ ಪಟ ಎಳೆಯುವ ಗಾಡಿಗೆ ಪೇಟೆಂಟ್ ಪಡೆದಿದ್ದರು. ಕಡ್ಡಿಯಿಲ್ಲದ ಬಟ್ಟೆ ಪಟ ಬಂದದ್ದು 1960ರ ದಶಕದಲ್ಲಿ, ಅಮೆರಿಕದ ಡೊಮಿನಾ ಜಾಲ್ಬರ್ಟ್ ಅವರಿಂದ. ಎರಡು ಪದರ ಬಟ್ಟೆಯ ನಡುವೆ ಸಾಲು ಸಾಲು ಕೋಣೆಗಳಿರುತ್ತವೆ. ಮುಂದಿನ ಬಾಯಿಂದ ಗಾಳಿ ತುಂಬಿಕೊಂಡರೆ ಇಡೀ ಪಟ ವಿಮಾನದ ರೆಕ್ಕೆಯಂತೆ ಉಬ್ಬಿ ನಿಲ್ಲುತ್ತದೆ. ಇಂದಿನ ಪ್ಯಾರಾಗ್ಲೈಡರ್‌ಗಳೂ ಇದೇ ಮನೆತನದವು.

ನಮ್ಮ ರಾಜ್ಯದಲ್ಲಿ ದೊಡ್ಡ ಪಟ ನೋಡಬೇಕೆಂದರೆ ಜನವರಿಯಲ್ಲಿ ಬೆಳಗಾವಿಯಲ್ಲಿ ನಡೆಯುವ ಗಾಳಿಪಟ ಉತ್ಸವಕ್ಕೋ ಮಂಗಳೂರಿನ ಕಡಲತೀರದ ಉತ್ಸವಕ್ಕೋ ಹೋಗಬೇಕು. ಕಡಲತೀರದಲ್ಲಿ ಬಯಲು ತಾನಾಗಿಯೇ ಇರುತ್ತದೆ. ನಮಗೆ ಗಾಳಿ ಇದೆ, ಕಡಲಿಲ್ಲ. ಬಯಲನ್ನು ನಾವೇ ಹುಡುಕಿಕೊಳ್ಳಬೇಕು.

ರಾಯಚೂರು: ತಂತಿಗಳ ಊರು

ಮೊದಲ ದಿನ ಊರ ಹೊರಗಿನ ಒಂದು ಹೊಸ ಲೇಔಟಿಗೆ ಹೋದೆವು. ಮನೆಗಳಿನ್ನೂ ಎದ್ದಿಲ್ಲ, ಖಾಲಿ ಪ್ಲಾಟುಗಳು. ನೋಡಲು ಬಯಲೇ. ಪಟ ಬಿಚ್ಚಿದ ಮೇಲೆ ತಲೆಯೆತ್ತಿದರೆ ನಾಲ್ಕೂ ಕಡೆ ಕರೆಂಟಿನ ಕಂಬ. ಮನೆ ಬರುವ ಮೊದಲೇ ಕಂಬ ಬಂದಿದ್ದವು. ಸುಮ್ಮನೆ ಮಡಚಿಕೊಂಡು ವಾಪಸ್ ಬಂದೆವು. ಆ ವಾರ ನಾವು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಆಮೇಲೆ ಊರೆಲ್ಲ ಸುತ್ತಿದೆವು. ಮಾವಿನಕೆರೆ ದಂಡೆಯಲ್ಲಿ ಒಂದು ಬದಿ ನೀರು, ಇನ್ನೊಂದು ಬದಿ ರಸ್ತೆ. ಕೋಟೆ ಗುಡ್ಡದಲ್ಲಿ ಗಾಳಿ ಜೋರು, ಆದರೆ ಬಂಡೆಗೆ ಬಡಿದು ಸುಳಿ ತಿರುಗುತ್ತದೆ. ಎಡವಿದರೆ ಹಲ್ಲು ಉಳಿಯುವುದಿಲ್ಲ. ಕ್ರೀಡಾಂಗಣದಲ್ಲಿ ವಾಕಿಂಗ್ ಮಾಡುವವರು, ಸುತ್ತ ಗೋಡೆ. ಯರಮರಸ್ ಕಡೆ ಬಯಲಿದ್ದರೂ ಅದು ವಿಮಾನ ನಿಲ್ದಾಣದ ಜಾಗ, ಅತ್ತ ಹೋಗಲೇಬಾರದು. ನಮ್ಮ ದೇಶದ 1934ರ ವಿಮಾನ ಕಾಯ್ದೆಯಲ್ಲಿ 'ಏರ್‌ಕ್ರಾಫ್ಟ್' ಎಂಬ ಪದದ ಅರ್ಥದೊಳಗೆ ಬಲೂನು, ಗ್ಲೈಡರ್ ಜೊತೆ ಗಾಳಿಪಟವನ್ನೂ ಸೇರಿಸಿದ್ದರು ಅಂದರೆ ನೋಡಿ. ಇನ್ನು ಶಕ್ತಿನಗರದ ದಾರಿಯಲ್ಲಿ ಥರ್ಮಲ್ ಸ್ಥಾವರದಿಂದ ಹೊರಟ ಹೈಟೆನ್ಷನ್ ತಂತಿಗಳು. ಇಡೀ ರಾಜ್ಯಕ್ಕೆ ಕರೆಂಟು ಕೊಡುವ ಊರಿನಲ್ಲಿ ಪಟಕ್ಕೆ ಜಾಗ ಸಿಗದಿದ್ದರೆ ಆಶ್ಚರ್ಯವೇನು?

ಮಾನ್ವಿ: "ಇಷ್ಟು ದೂರ ಬಂದೀವಿ..."

ತಂಗಿಯ ಮನೆ ಮಾನ್ವಿಯಲ್ಲಿ. ಅವರ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆ ನೀರು. ಜೂನ್‌ನಲ್ಲಿ ಕಾಲುವೆಗೆ ನೀರು ಬಿಟ್ಟಿರಲಿಲ್ಲ, ಗದ್ದೆಗಳು ಖಾಲಿ ಬಿದ್ದಿದ್ದವು. ಕಣ್ಣು ಹಾಯುವಷ್ಟು ಸಮತಟ್ಟು. ಸರಿ, ಭಾನುವಾರ ಎಲ್ಲರೂ ಹೊರಟೆವು.

ಅಂದು ಗಾಳಿ ವಿಪರೀತ ಇತ್ತು. ಬದುವಿನ ಬೇವಿನ ಮರ ಪೂರಾ ತೂಗಾಡುತ್ತಿತ್ತು. ಮಾತಾಡಲು ಬಾಯಿ ತೆರೆದರೆ ಧೂಳು. "ಇವತ್ತು ಬ್ಯಾಡೇನೋ" ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಆದರೆ ರಾಯಚೂರಿಂದ ಬಂದದ್ದು, ಬುತ್ತಿ ಕಟ್ಟಿಸಿಕೊಂಡದ್ದು, ಹುಡುಗನ ಮುಖ. "ಇಷ್ಟು ದೂರ ಬಂದೀವಿ, ಒಂದ್ಸಲ ಬಿಟ್ಟು ನೋಡೂಣು" ಅಂದವನು ನಾನೇ. ಈಗಲೂ ಆ ಮಾತು ಚುಚ್ಚುತ್ತದೆ.

ಮೂರು ದಾರಗಳಲ್ಲಿ ಎರಡು ಪಟ ತಿರುಗಿಸಲು. ಮೂರನೆಯದು ಮಣಿಕಟ್ಟಿನ ಪಟ್ಟಿಗೆ ಕಟ್ಟುವ ಸುರಕ್ಷೆ ದಾರ. ಅದು ತೊಡಕಾಗಿತ್ತು, ಬಿಡಿಸುವ ತಾಳ್ಮೆ ನಮಗಿರಲಿಲ್ಲ. ಕಟ್ಟದೇ ಬಿಟ್ಟೆವು. ತಂಗಿಯ ಗಂಡ ಪಟ ಎತ್ತಿ ಹಿಡಿದು ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ, ಅಳಿಯನಿಗೆ ನೇರ ಎದುರು ನಿಂತರು. ಕೈಬಿಟ್ಟರು. 'ಫಟ್' ಎಂದು ಪಟ ಉಬ್ಬಿದ ಸದ್ದು ಕೇಳುವಷ್ಟರಲ್ಲಿ ಹುಡುಗ ಹತ್ತು ಹೆಜ್ಜೆ ಮುಂದಿದ್ದ. ಓಡುತ್ತಿರಲಿಲ್ಲ, ಎಳೆಸಿಕೊಳ್ಳುತ್ತಿದ್ದ. ಮುಂದೆ ಉಪಕಾಲುವೆ, ಒಣಗಿದ್ದು, ಕಲ್ಲು ಹಾಸಿನದು.

"ಬಿಡೋ! ಕೈ ಬಿಡೋ!" ಎಂದು ಕೂಗುತ್ತಾ ಓಡಿದೆ. ಅವನು ಬಿಡಲಿಲ್ಲ. ದುಡ್ಡು ಕೊಟ್ಟು ತಂದ ಪಟ ಹಾರಿಹೋದೀತೆಂಬ ಭಯ. ಕಾಲುವೆಗೆ ಐದಾರು ಮಾರು ಉಳಿದಾಗ ಎರಿ ಮಣ್ಣಿನ ಹೆಂಟೆಗೆ ಎಡವಿ ಬಿದ್ದ. ಬೀಳುವಾಗ ಒಂದು ಕೈ ಕೋಲಿನಿಂದ ಜಾರಿ ಬಿಗಿದ ದಾರವನ್ನೇ ಹಿಡಿಯಿತು. ಅಂಗೈ ಸೀಳಿತು. ಐದು ಹೊಲಿಗೆ.

ಪಕ್ಕದ ಹೊಲದಿಂದ ಬಂದ ಹಿರಿಯರೊಬ್ಬರು ಹುಡುಗನ ಕೈಗೆ ತಮ್ಮ ಟವೆಲ್ ಸುತ್ತುತ್ತಾ ನನ್ನ ಕಡೆ ನೋಡಿದರು. "ಏನ್ ಸರ, ಬೆದರಿದ ಹೋರಿ ಹಗ್ಗ ಹಿಂಗ ಹಿಡಕೊಂಡು ಯಾರರ ನಿಂದ್ರತಾರೇನ್ರಿ? ಮೊದ್ಲು ಬಿಡೋದು ಕಲೀಬೇಕು, ಆಮ್ಯಾಲ ಹಿಡಿಯೋದು."

ತಂಗಿ ಸಂಜೆವರೆಗೂ ಮಾತಾಡಲಿಲ್ಲ. ಹೊರಡುವಾಗ ಇಷ್ಟೇ ಅಂದಳು: "ಅಂವ ಹುಡುಗ ಅಣ್ಣಾ. ನಿನಗರ ತಿಳೀಬಾರದೇನು?" ಪಟದ ಚೀಲ ಅವಳ ಮನೆಯ ಅಟ್ಟ ಸೇರಿತು.

ತಪ್ಪಿದ್ದೆಲ್ಲಿ?

ಒಂದು ತಿಂಗಳು ನಾನೂ ಅಳಿಯನೂ ಫೋನಿನಲ್ಲೇ ಇದನ್ನು ಓದಿದೆವು, ಚರ್ಚಿಸಿದೆವು. ಆಗ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಗಾಳಿಗೆ ಬೆನ್ನು ಮಾಡಿ ನಿಲ್ಲಿ. ನಿಮ್ಮ ಮುಂದೆ ಅರ್ಧ ಗುಮ್ಮಟವೊಂದಿದೆ ಎಂದುಕೊಳ್ಳಿ. ಪಟ ಹಾರುವುದು ಅದರ ಗೋಡೆಯ ಮೇಲೆ. ಗುಮ್ಮಟದ ಅಂಚಿನಲ್ಲಿ, ಅಂದರೆ ನಿಮ್ಮ ಎಡಕ್ಕೆ, ಬಲಕ್ಕೆ ಅಥವಾ ನೆತ್ತಿಯ ಮೇಲೆ ಎಳೆತ ಕಡಿಮೆ. ನೇರ ಎದುರಿಗೆ, ಕೆಳಗೆ, ಎಳೆತ ಅತಿ ಹೆಚ್ಚು. ನಾವು ಪಟ ಬಿಟ್ಟದ್ದು ಅಲ್ಲಿಂದಲೇ! ಕಲಿಯುವವರು ಬದಿಯ ಅಂಚಿನಿಂದ ಎಬ್ಬಿಸಿ, ಅಂಚಿನಗುಂಟ ನೆತ್ತಿಗೆ ತಂದು ನಿಲ್ಲಿಸಬೇಕು. ಕೋಲಿನ ಬಲತುದಿ ಎಳೆದರೆ ಪಟ ಬಲಕ್ಕೆ, ಎಡತುದಿ ಎಳೆದರೆ ಎಡಕ್ಕೆ. ಇಳಿಸುವಾಗಲೂ ಅಂಚಿಗೇ ತರಬೇಕು.

ಎರಡನೆಯದು ಗಾಳಿಯ ಲೆಕ್ಕ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಗಂಟೆಗೆ 10 ಕಿ.ಮೀ. ಗಾಳಿಯಲ್ಲಿ ಕರುವಿನಂತಿದ್ದ ಪಟ 30 ಕಿ.ಮೀ.ನಲ್ಲಿ ಕಾರಹುಣ್ಣಿಮೆಗೆ ಕಲ್ಲು ಎಳೆಯುವ ಹೋರಿಯಾಗುತ್ತದೆ.

ಅಳೆಯಲು ಯಂತ್ರವೇ ಬೇಕೆಂದಿಲ್ಲ, ಗಿಡ ನೋಡಿ. ಎಲೆ, ಸಣ್ಣ ಟೊಂಗೆಗಳು ಬಿಡದೆ ಅಲುಗುತ್ತಿದ್ದು ಗುಡಿಯ ಬಾವುಟ ಬಿಚ್ಚಿಕೊಂಡಿದ್ದರೆ ಸುಮಾರು 12ರಿಂದ 19 ಕಿ.ಮೀ. ಕಲಿಯಲು ಇದೇ ಹದ. ಧೂಳು, ಕಾಗದ ಎದ್ದು ಟೊಂಗೆಗಳು ಆಡತೊಡಗಿದರೆ 20 ದಾಟಿದೆ, ಹೊಸಬರು ಸುಮ್ಮನಿರಬೇಕು. ಸಣ್ಣ ಮರವೇ ತೂಗಾಡಿದರೆ 30ರ ಹತ್ತಿರ, ಪಟ ಚೀಲದಲ್ಲೇ ಇರಲಿ. ನಮ್ಮ ಬೇವಿನ ಮರ ಅಂದು ಇದನ್ನೇ ಹೇಳುತ್ತಿತ್ತು.

ಯಾವಾಗ, ಎಲ್ಲಿ?

ನಮ್ಮ ಕಡೆ ಇದಕ್ಕೆ ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ. ಗಾಳಿ ಒಂದೇ ದಿಕ್ಕಿನಿಂದ ಬರುತ್ತದೆ. ಏಪ್ರಿಲ್, ಮೇ ಬೇಡ. ಮಧ್ಯಾಹ್ನ ಸುಂಟರಗಾಳಿ ಏಳುತ್ತದೆ, ಸಂಜೆ ಗುಡುಗು ಸಿಡಿಲಿನ ಜೊತೆ ಬಿರುಗಾಳಿ ಯಾವ ಕಡೆಯಿಂದ ನುಗ್ಗುತ್ತದೋ ಹೇಳಲಾಗದು. ಯಾವ ತಿಂಗಳಾದರೂ ಗುಡುಗು ಕೇಳಿದರೆ ಪಟ ಇಳಿಸಲೇಬೇಕು. ದಿನದಲ್ಲಿ ಮುಂಜಾನೆ ಅಥವಾ ಬಿಸಿಲು ಇಳಿದ ಮೇಲೆ ಗಾಳಿ ಹದಕ್ಕೆ ಬರುತ್ತದೆ.

ಮಾನ್ವಿ ಕಡೆಯ ಗದ್ದೆ ಬಯಲು ಚೆನ್ನ, ಆದರೆ ಕಾಲುವೆಗೆ ನೀರು ಬಂದು ನಾಟಿ ಶುರುವಾಗುವ ತನಕ ಮಾತ್ರ. ಎರಿ ಮಣ್ಣು ಒಂದು ಮಳೆ ಬಿದ್ದರೆ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ದೇವದುರ್ಗದ ಕಡೆ ನೀರಾವರಿ ಮುಟ್ಟದ ಮಸಾರಿ ಹೊಲ, ಬೀಳು ಭೂಮಿ ಸಿಗುತ್ತವೆ. ಮಳೆ ಬಂದರೂ ಬೇಗ ಆರುತ್ತವೆ. ಅಲ್ಲಿನ ತೊಂದರೆ ಜಾಲಿ ಮುಳ್ಳು ಮತ್ತು ಕಲ್ಲುಗುಡ್ಡ. ಮರ, ಗುಡ್ಡ, ಕಟ್ಟಡ ಏನೇ ಇರಲಿ, ಗಾಳಿಯ ಮರೆಯಲ್ಲಿ ಅದರ ಎತ್ತರದ ಹತ್ತು ಪಟ್ಟು ದೂರದವರೆಗೆ ಗಾಳಿ ಕದಡಿರುತ್ತದೆ ಎಂಬುದು ಲೆಕ್ಕ. ಆದ್ದರಿಂದ ಗಾಳಿ ಬರುವ ಬದಿ ತೆರವಾಗಿರಬೇಕು. ಕೃಷ್ಣೆಯ ದಂಡೆ ನೋಡಲು ಚೆಂದ, ಪಟಕ್ಕೆ ಬೇಡ. ಜಾರುಬಂಡೆ, ಸುಳಿ, ಮೊಸಳೆಗಳೂ ಇವೆ.

ಜಾಗ ಸಿಕ್ಕಮೇಲೆ ಮೂರು ಕೆಲಸ. ಹೊಲದವರನ್ನು ಕೇಳಿ, ಬಿತ್ತಿದ ಹೊಲಕ್ಕೆ ಕಾಲಿಡಬೇಡಿ. ಪಟ ಬಿಚ್ಚುವ ಮೊದಲು ಇಡೀ ಹೊಲ ಒಮ್ಮೆ ನಡೆದು ನೋಡಿ. ಪಂಪ್‌ಸೆಟ್ಟಿಗೆ ಎಳೆದ ತಂತಿ ದೂರದಿಂದ ಕಾಣುವುದಿಲ್ಲ. ಗಾಳಿ ಹೋಗುವ ದಿಕ್ಕಿನಲ್ಲಿ ಕನಿಷ್ಠ 100 ಮೀಟರ್ ಜನ, ದನ, ರಸ್ತೆ, ಬಾವಿ, ತಂತಿ ಯಾವುದೂ ಇರಬಾರದು. ಹಾಗಿದ್ದೂ ಪಟ ತಂತಿಗೆ ಸಿಕ್ಕರೆ ಎಳೆಯಬೇಡಿ. ಕೋಲು ಬಿಟ್ಟು, ಮಣಿಕಟ್ಟಿನ ಪಟ್ಟಿಯನ್ನೂ ಬಿಚ್ಚಿ ದೂರ ಸರಿದು, 1912ಕ್ಕೆ ಫೋನ್ ಮಾಡಿ.

ಕೊಳ್ಳುವವರಿಗೆ

ಮೊದಲ ಪಟ ಒಂದೂವರೆಯಿಂದ ಎರಡು ಚದರ ಮೀಟರಿನೊಳಗೆ ಇರಲಿ. ಮಕ್ಕಳಿಗೆ ಅದಕ್ಕಿಂತ ಚಿಕ್ಕದು, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ. ಸುರಕ್ಷೆ ದಾರ ಇರುವುದನ್ನೇ ಕೊಳ್ಳಿ. ಕೋಲು ಬಿಟ್ಟ ತಕ್ಷಣ ಎಳೆತವೆಲ್ಲ ಆ ಒಂದೇ ದಾರಕ್ಕೆ ಬಿದ್ದು, ಪಟ ಗಾಳಿ ಕಳೆದುಕೊಂಡು ನೆಲಕ್ಕೆ ಬೀಳುತ್ತದೆ. ಹಾರಿಯೂ ಹೋಗುವುದಿಲ್ಲ. ಕೈಗವಸು, ಬೂಟು, ಸೈಕಲ್ ಹೆಲ್ಮೆಟ್ ಬೇಕು. ದಾರವನ್ನು ಯಾವತ್ತೂ ಕೈಗೆ ಸುತ್ತಬೇಡಿ. ಇದು ಮಾಂಜಾ ಅಲ್ಲ, ಗಾಜಿನ ಪುಡಿ ಇರುವುದಿಲ್ಲ. ಆದರೂ ಬಿಗಿದಾಗ ಚರ್ಮ ಸೀಳುತ್ತದೆ. ಅಂದಹಾಗೆ, ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಯಾವ ಪಟಕ್ಕೂ ಅದು ಬೇಡ.

ದೇವದುರ್ಗ: ಬಿಡುವ ಪಾಠ

ಆಗಸ್ಟ್‌ನಲ್ಲಿ ಅಳಿಯ ಮತ್ತೆ ರಜೆಗೆ ಬಂದ. ಕೈ ಮಾಯ್ದಿತ್ತು. ತಂಗಿಯನ್ನು ಒಪ್ಪಿಸಲು ನಾನು ಬಹಳ ಮಾತಾಡಬೇಕಾಯಿತು. ಕೊನೆಗೆ "ನಾನೂ ಬರ್ತೀನಿ. ನಾ ಬ್ಯಾಡ ಅಂದ್ರ ಬ್ಯಾಡ" ಎಂಬ ಷರತ್ತಿನ ಮೇಲೆ ಅಟ್ಟದಿಂದ ಚೀಲ ಇಳಿಯಿತು.

ದೇವದುರ್ಗ ನನ್ನ ಹೆಂಡತಿಯ ತವರು. ಮಾವನವರದು ಆ ವರ್ಷ ಬಿತ್ತದೇ ಬಿಟ್ಟ ಮಸಾರಿ ಹೊಲ. ಮೊದಲ ಸಂಜೆ ಗಾಳಿ ಜೋರಿತ್ತು. ತಂಗಿ ಬೇವಿನ ಗಿಡ ನೋಡಿದಳು, ನಮ್ಮ ಮುಖ ನೋಡಿದಳು. ನಾವೇ ಚೀಲ ಮುಚ್ಚಿ ಮಂಡಾಳು ಮಿರ್ಚಿ ತಿಂದು ಮನೆಗೆ ಬಂದೆವು. ಎರಡನೆಯ ಸಂಜೆ ಎಲೆಗಳಷ್ಟೇ ಆಡುತ್ತಿದ್ದವು.

ಹೊಲ ಪೂರ್ತಿ ನಡೆದೆವು. ಸುರಕ್ಷೆ ದಾರ ಬಿಡಿಸಿ ಕಟ್ಟಿದೆವು. ಬದಿಯಿಂದ ಪಟ ಎಬ್ಬಿಸಿ ಅಳಿಯ ಮಾಡಿದ ಮೊದಲ ಕೆಲಸ ಹಾರಿಸುವುದಲ್ಲ, ಕೋಲು ಬಿಡುವುದು. ಪಟ ಉಸಿರು ಹೋದಂತೆ ಮುದುಡಿ ಬಿತ್ತು. ಮತ್ತೆ ಎಬ್ಬಿಸಿದ, ಮತ್ತೆ ಬಿಟ್ಟ. ಹತ್ತು ಸಲ. ಹನ್ನೊಂದನೆಯ ಸಲ ನೆತ್ತಿಯ ಮೇಲೆ ನಿಲ್ಲಿಸಿ, ಎಡಕ್ಕೆ, ಬಲಕ್ಕೆ, ಎಂಟರ ಆಕಾರದಲ್ಲಿ ಆಡಿಸಿದ. ಹಿಮ್ಮಡಿ ಊರಿ ಹಿಂದಕ್ಕೆ ವಾಲಿ ನಿಂತವನ ಕಾಲಡಿ ಕೆಂಪು ಮಣ್ಣು ಗೀರಿತು. ನನ್ನ ಸರದಿ ಬಂದಾಗ ಕೋಲಿನಲ್ಲಿ ಜೀವವಿರುವಂತೆ ಅನಿಸಿತು. ಐವತ್ತು ಹತ್ತಿರವಾದವನು ಹುಡುಗನಂತೆ ಕೂಗಿದೆ.

ಬದುವಿನ ಮೇಲೆ ಕೂತಿದ್ದ ತಂಗಿ ಎದ್ದು ಬಂದಳು. "ಕೊಡಿಲ್ಲೆ" ಅಂದಳು. ಸೆರಗು ಸೊಂಟಕ್ಕೆ ಸಿಗಿಸಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡಳು. ಕೋಲು ಹಿಡಿದಳು, ಪಟ ಒಮ್ಮೆ ಎಳೆಯಿತು. ತಕ್ಷಣ ಎರಡೂ ಕೈ ಬಿಟ್ಟಳು. ಪಟ ಮುದುಡಿ ಬಿದ್ದದ್ದನ್ನು ಸುಮ್ಮನೆ ನಿಂತು ನೋಡಿದಳು.

"ಹೂಂ, ಬೀಳ್ತದ" ಅಂದಳು. ಆಮೇಲೆ ಮಗನ ಕಡೆ ತಿರುಗಿ, "ಎಬ್ಬಸು ಇನ್ನೊಮ್ಮೆ."