ಎಕೋ ರಿಪೋರ್ಟಿನ 60 ಅಂಕಪಟ್ಟಿಯದ್ದಲ್ಲ

ಎಕೋ ಮಾಡಿಸಿಕೊಂಡು ಹೊರಬಂದವರು ರಿಪೋರ್ಟಿನಲ್ಲಿ ಮೊದಲು ಹುಡುಕುವುದು ‘ಇಎಫ್’ ಎಂದಿರುವ ಕಡೆ ಎಷ್ಟು ಬರೆದಿದ್ದಾರೆ ಎಂಬುದನ್ನು. ಅಲ್ಲಿ 60 ಎಂದಿದ್ದರೆ ಮನೆಯವರ ಮುಖ ಸಣ್ಣದಾಗುತ್ತದೆ. ‘ನೂರಕ್ಕೆ ಅರವತ್ತೇನಾ ಡಾಕ್ಟ್ರೇ?’ ಉಳಿದ ನಲವತ್ತು ಎಲ್ಲಿ ಹೋಯಿತೆಂಬ ಚಿಂತೆ ಅವರದು. ಎಲ್ಲಿಗೂ ಹೋಗಿಲ್ಲ. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಬೀಳುತ್ತದೆ ಎಂಬ ಲೆಕ್ಕ ಅದು. ಸುಮಾರು 120 ಮಿಲಿಲೀಟರ್ ತುಂಬಿಕೊಂಡು 70ರಷ್ಟನ್ನು ಮಹಾಪಧಮನಿಗೆ ದೂಡಿದರೆ ಹೃದಯ ತನ್ನ ಕೆಲಸ ಮಾಡಿದಂತೆಯೇ. ಪೂರ್ತಿ ಬರಿದಾಗುವ ಹೃದಯ ಯಾರಿಗೂ ಇಲ್ಲ. ಸರಿಸುಮಾರು 55ರಿಂದ 70 ಇದ್ದರೆ ಸಹಜ. 40ಕ್ಕಿಂತ ಕೆಳಗಿಳಿದರೆ ಪಂಪಿಂಗ್ ಕುಗ್ಗಿದೆ ಎಂದರ್ಥ.

ಹಾಗೆ ನೋಡಿದರೆ ಈ ಪರೀಕ್ಷೆ ಹುಟ್ಟಿದ್ದು ಇಎಫ್‌ಗಾಗಿ ಅಲ್ಲ, ಒಂದು ಕವಾಟಕ್ಕಾಗಿ. ಸ್ವೀಡನ್ನಿನ ಲುಂಡ್ ಊರಿನಲ್ಲಿ ಇಂಗೆ ಎಡ್ಲರ್ ಎಂಬ ಹೃದ್ರೋಗ ವೈದ್ಯರಿದ್ದರು. ಮೈಟ್ರಲ್ ಕವಾಟದ ಶಸ್ತ್ರಚಿಕಿತ್ಸೆ ಆಗಷ್ಟೇ ರೂಢಿಗೆ ಬರುತ್ತಿದ್ದ ಕಾಲ. ಕವಾಟ ಕಿರಿದಾಗಿದೆಯೋ, ಸೋರುತ್ತಿದೆಯೋ ಎಂಬುದನ್ನು ಎದೆ ತೆರೆಯುವ ಮೊದಲೇ ತಿಳಿಯಬೇಕಿತ್ತು. ಅವರು ಭೌತವಿಜ್ಞಾನಿ ಹೆಲ್ಮುಥ್ ಹರ್ಟ್ಜ್ ಅವರ ಜೊತೆಗೂಡಿದರು. ಹತ್ತಿರದ ಮಾಲ್ಮೊದ ಹಡಗು ಕಟ್ಟೆಯಲ್ಲಿ, ಲೋಹದೊಳಗಿನ ಬಿರುಕನ್ನು ಶ್ರವಣಾತೀತ ತರಂಗದಿಂದ ಹುಡುಕುವ ಯಂತ್ರವೊಂದಿತ್ತು. ಹರ್ಟ್ಜ್ ಅದನ್ನು ತಮ್ಮ ಎದೆಗೇ ಹಿಡಿದು ನೋಡಿದರು. ಪರದೆಯ ಮೇಲಿನ ಗೆರೆ ಹೃದಯದ ಬಡಿತಕ್ಕೆ ತಕ್ಕಂತೆ ಅಲುಗಿತು. ಆಮೇಲೆ ಸೀಮೆನ್ಸ್ ಕಂಪನಿಯಿಂದ ಎರವಲು ತಂದ ಅಂಥದ್ದೇ ಯಂತ್ರದಲ್ಲಿ, 1953ರ ಅಕ್ಟೋಬರ್ 29ರಂದು, ಹೃದಯದ ಚಲನೆ ಮೊದಲ ಬಾರಿಗೆ ದಾಖಲಾಯಿತು. ಆಗ ಸಿಕ್ಕಿದ್ದು ಚಿತ್ರವಲ್ಲ, ಬರೀ ಏರಿಳಿಯುವ ಗೆರೆಗಳು. ಆ ಗೆರೆಗಳಲ್ಲಿ ಮುಖ್ಯವಾದದ್ದು ಎಡ ಹೃತ್ಕರ್ಣದ ಗೋಡೆಯದೆಂದು ಎಡ್ಲರ್ ಮೊದಲು ಭಾವಿಸಿದ್ದರು. ಅದು ಮೈಟ್ರಲ್ ಕವಾಟದ್ದೇ ಎಂದು ಗೊತ್ತಾಗಲು ಕೆಲ ವರ್ಷ ಹಿಡಿಯಿತು. 1977ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ಅದೇ ಮೈಟ್ರಲ್ ಕವಾಟ ನಮ್ಮಲ್ಲಿ ಇಂದಿಗೂ ಎಕೋ ಕೋಣೆಯ ದೊಡ್ಡ ಕೆಲಸ. ಚಿಕ್ಕಂದಿನಲ್ಲಿ ಗಂಟಲುನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ ಕವಾಟವನ್ನು ಬಿಗಿಯಾಗಿಸಿರುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಅದು ತಿಳಿಯುವುದು ಬಸುರಿಯಾದಾಗ ಏದುಸಿರು ಹತ್ತಿದ ಮೇಲೆ. 4ರಿಂದ 6 ಚದರ ಸೆಂಟಿಮೀಟರ್ ತೆರೆದುಕೊಳ್ಳಬೇಕಾದ ಬಾಯಿ ಒಂದಕ್ಕೆ ಇಳಿದಿರುವುದೂ ಉಂಟು. ಬೆಂಗಳೂರಿನ ಜಯದೇವ ಸಂಸ್ಥೆಯಂಥ ಕಡೆ ಇಂಥ ಕವಾಟವನ್ನು ಬಲೂನು ಹಾಯಿಸಿ ಅಗಲಿಸುತ್ತಾರೆ. ಬಲೂನು ಹಾಕಬಹುದೋ ಬೇಡವೋ ಎಂಬ ತೀರ್ಮಾನಕ್ಕೆ ಎಕೋ ಬೇಕೇ ಬೇಕು: ಕವಾಟ ಎಷ್ಟು ದಪ್ಪಗಾಗಿದೆ, ಎಷ್ಟು ಸೋರುತ್ತಿದೆ, ಎಡ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ. ಹೆಪ್ಪು ಮೂಲೆಯಲ್ಲಿ ಅಡಗಿರಬಹುದೆನಿಸಿದರೆ ಅನ್ನನಾಳದೊಳಗೆ ಪ್ರೋಬ್ ಇಳಿಸಿ ಹಿಂದಿನಿಂದ ನೋಡುತ್ತಾರೆ.

ಪರೀಕ್ಷೆಯೇನೋ ಸರಳ. ಮಬ್ಬುಬೆಳಕಿನ ಕೋಣೆ; ಎಡಮಗ್ಗುಲಿಗೆ ತಿರುಗಿ, ಎಡಗೈ ತಲೆಯಡಿ ಇಟ್ಟುಕೊಂಡು ಮಲಗಬೇಕು. ಹಾಗೆ ಮಲಗಿದರೆ ಹೃದಯ ಎದೆಗೂಡಿನ ಹತ್ತಿರಕ್ಕೆ ಸರಿಯುತ್ತದೆ. ಶ್ವಾಸಕೋಶದ ಗಾಳಿ ಶಬ್ದತರಂಗಕ್ಕೆ ಪರಮಶತ್ರು. ‘ಉಸಿರು ಬಿಟ್ಟು ಹಾಗೇ ಹಿಡ್ಕೊಳ್ಳಿ’ ಎನ್ನುವುದು ಅದಕ್ಕೇ, ತಣ್ಣನೆಯ ಜೆಲ್ ಹಚ್ಚುವುದೂ ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿ ಉಳಿಯಬಾರದೆಂದೇ. ಪಕ್ಕೆಲುಬುಗಳ ಸಂದಿಯಲ್ಲಿ ಪ್ರೋಬ್ ಒತ್ತಿದಾಗ ತುಸು ನೋಯುತ್ತದೆ. ಪರದೆಯಲ್ಲಿ ಕೆಂಪು, ನೀಲಿ ಮಿನುಗತೊಡಗಿದ್ದೇ ಕೆಂಪು ಶುದ್ಧರಕ್ತ, ನೀಲಿ ಅಶುದ್ಧ ಎಂದು ರೋಗಿ ಲೆಕ್ಕ ಹಾಕಿಬಿಡುತ್ತಾನೆ. ಶಾಲೆಯ ಪಾಠದ ಚಿತ್ರದ ಪ್ರಭಾವ! ಇಲ್ಲಿ ಪ್ರೋಬಿನ ಕಡೆ ಬರುವ ರಕ್ತ ಕೆಂಪು, ದೂರ ಸರಿಯುವುದು ನೀಲಿ, ಅಷ್ಟೇ.

ಈ ಬಣ್ಣಗಳನ್ನು ತೋರಿಸುವ ಡಾಪ್ಲರ್ ತಂತ್ರ ರಕ್ತದ ವೇಗವನ್ನೂ ಹೇಳುತ್ತದೆ. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಕವಾಟದ ಆಚೀಚೆಗಿನ ಒತ್ತಡದ ವ್ಯತ್ಯಾಸ ಸಿಗುತ್ತದೆ. ಮಹಾಪಧಮನಿಯ ಕವಾಟದಲ್ಲಿ ರಕ್ತ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಚಿಮ್ಮಿದರೆ ವ್ಯತ್ಯಾಸ 64 ಮಿಲಿಮೀಟರ್ ಪಾದರಸ. ಕವಾಟ ತೀರಾ ಕಿರಿದಾಗಿದೆ ಎಂದರ್ಥ. ನಾರ್ವೆಯ ಲಿವ್ ಹಾಟ್ಲೆ ಮತ್ತು ಸಂಗಡಿಗರು 1970ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ಅದಕ್ಕೂ ಮುಂಚೆ ಈ ಒಂದು ಅಳತೆಗಾಗಿ ರಕ್ತನಾಳದ ಮೂಲಕ ಹೃದಯದೊಳಕ್ಕೆ ಕ್ಯಾತಿಟರ್ ತೂರಿಸಬೇಕಿತ್ತು.

ಇಷ್ಟೆಲ್ಲ ಕಂಡರೂ ಎಕೋಗೆ ಕಾಣದ್ದು ಜನ ಮುಖ್ಯವಾಗಿ ಕೇಳುವ ಸಂಗತಿಯೇ: ಬ್ಲಾಕ್. ಹೃದಯಕ್ಕೇ ರಕ್ತ ಕೊಡುವ ಸಣ್ಣ ನಾಳಗಳು ಈ ಚಿತ್ರದಲ್ಲಿ ತೆರೆದುಕೊಳ್ಳುವುದಿಲ್ಲ. ಹೃದಯಾಘಾತವಾಗಿದ್ದರೆ ಗೋಡೆಯ ಒಂದು ಭಾಗ ಸರಿಯಾಗಿ ಮಿಡಿಯದಿರುವುದು ಕಂಡೀತು. ಆಘಾತ ಇನ್ನೂ ಆಗಿರದ, ಮುಕ್ಕಾಲು ಮುಚ್ಚಿದ ನಾಳವಿದ್ದವರ ಎಕೋ ಪೂರ್ತಿ ನಾರ್ಮಲ್ ಬರಬಹುದು. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುವವರು ‘ಎಕೋ ಚೆನ್ನಾಗಿದೆ’ ಎಂದು ಮನೆಯಲ್ಲಿ ಕೂರಬಾರದು. ಅವರಿಗೆ ಟ್ರೆಡ್‌ಮಿಲ್, ಸ್ಟ್ರೆಸ್ ಎಕೋ, ಆಂಜಿಯೋಗ್ರಾಂ ಎಂಬ ಬೇರೆ ದಾರಿಗಳಿವೆ.

ಇನ್ನು ಹೋದ ವರ್ಷ 60 ಇದ್ದ ಇಎಫ್ ಈ ವರ್ಷ 56 ಆಯಿತೆಂದು ನಿದ್ದೆಗೆಡುವವರಿದ್ದಾರೆ. ಅಳೆದವರು ಬದಲಾದರೂ, ಪ್ರೋಬ್ ಹಿಡಿದ ಕೋನ ಬದಲಾದರೂ ಅಷ್ಟು ವ್ಯತ್ಯಾಸ ಬರುತ್ತದೆ. ಅದೇ 60 ಇದ್ದದ್ದು 40ಕ್ಕೆ ಇಳಿದರೆ ವಿಷಯ ಬೇರೆ. ಕೆಲವು ಕ್ಯಾನ್ಸರ್ ಔಷಧಗಳು ಹೃದಯದ ಸ್ನಾಯುವನ್ನು ದುರ್ಬಲಗೊಳಿಸುವುದರಿಂದ ಅವನ್ನು ಪಡೆಯುವವರಿಗೆ ಮತ್ತೆ ಮತ್ತೆ ಎಕೋ ಮಾಡಿಸುತ್ತಾರೆ. ಹಳೆಯ ರಿಪೋರ್ಟುಗಳೆಲ್ಲ ಫೈಲಿನಲ್ಲಿರಬೇಕು. ‘ಟ್ರಿವಿಯಲ್ ಟಿಆರ್’ ಎಂಬ ಸಾಲು ಕಂಡು ಗೂಗಲ್ ಮಾಡಿ ಗಾಬರಿಯಾಗುವವರಿಗೆ ಇಷ್ಟು: ಬಲಗಡೆಯ ಕವಾಟದ ಆ ಚೂರು ಸೋರಿಕೆ ಏನೂ ಕಾಯಿಲೆಯಿಲ್ಲದ ಎಷ್ಟೋ ಜನರಲ್ಲಿ ಇರುತ್ತದೆ.