ಡಿಗ್ರಿ ಮುಗೀತು, ಕಲಿಯೋದು ಮುಗೀತೇನ್ರಿ?

ನಮ್ಮ ಅಂಕಲಗಿಯಾಗ ಕೂಸಿಗೆ ಭೇದಿ ಹತ್ತಿದ್ರ, ಔಷಧ ಬರೆದುಕೊಡೋರು ಯಾವ ವರ್ಷದ ಪಾಠ ಕಲಿತಿರ್ತಾರ? ಈ ಪ್ರಶ್ನೆ ಸಣ್ಣದಲ್ಲ.

ಮೊದಲು ಭೇದಿಗೆ ಓಆರ್‌ಎಸ್ ಮುಖ್ಯ ಅಂತ ಕಲಿಸ್ತಿದ್ರು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್, ಅದರ ಜೋಡಿ 10ರಿಂದ 14 ದಿನ ಜಿಂಕ್ ಕೂಡ ಕೊಡಬೇಕು ಅಂತ ಹೇಳಿದವು. ಭೇದಿ ನಿಂತ್ರೂ ಗುಳಿಗೆ ನಿಲ್ಲಿಸುವಂಗಿಲ್ಲ. 2000ದಲ್ಲಿ ಓದು ಮುಗಿಸಿದವರಿಗೆ ಈ ಸಲಹೆ ಕಾಲೇಜಿನಾಗ ಸಿಕ್ಕಿರಲಿಲ್ಲ. ಆಮ್ಯಾಲೇ ಕಲೀಬೇಕು.

ಅದಕ್ಕಂತ 2002ರ ವೈದ್ಯಕೀಯ ನಿಯಮಾವಳಿಯಲ್ಲಿ ವೈದ್ಯರಿಗೆ 5 ವರ್ಷಕ್ಕೆ 30 ತಾಸು ಮುಂದುವರಿಕೆ ಶಿಕ್ಷಣ, ಅಂದ್ರ ಸಿಎಂಇ, ಹೇಳೇದ. ನಂದು ಬಿಕಾಂ ಲೆಕ್ಕ: ತಿಂಗಳಿಗೆ ಬರೇ ಅರ್ಧ ತಾಸು!

ಇನ್ನು ಆಶಾ ಅಕ್ಕನೋರು. ಆಸ್ಪತ್ರೆಯಲ್ಲಿ ಹೆರಿಗೆಯಾದ್ರ 42 ದಿನದೊಳಗ 6 ಸಲ ಮನೀಗೆ ಬಂದು ಕೂಸು ನೋಡ್ತಾರ. ಪೂರ್ತಿ ಒಂದು ನಿಮಿಷ ಉಸಿರು ಎಣಿಸ್ತಾರ. 60 ಅಥವಾ ಅದಕ್ಕಿಂತ ಹೆಚ್ಚಿದ್ರ ಅಪಾಯದ ಸೂಚನೆ. ಇದು ಒಮ್ಮೆ ಕೇಳಿ ಬರೋ ವಿದ್ಯೆ ಅಲ್ಲ, ಮತ್ತ ಮತ್ತ ಮಾಡಿ ನೋಡ್ಬೇಕು.

ಹಂಗಂತ ತರಬೇತಿ ದಿನ ಊರಿನ ರೋಗಿ ಬಾಗಿಲಾಗ ಕಾಯಬಾರದು. ಬದಲಿ ಸಿಬ್ಬಂದಿ ಬೇಕು. ನಾವು ಮಾತ್ರ 'ಸಿಸ್ಟರ್ ಟ್ರೇನಿಂಗ್‌ಗೆ ಹೋಗ್ಯಾರ' ಅಂದ ಕೂಡಲೇ ಸಿಟ್ಟಾಗೋದು ಬ್ಯಾಡ. ಬಂದಮ್ಯಾಲ ಕೇಳ್ರಿ: 'ಅಕ್ಕಾರ, ಹೊಸಾದು ಏನು ಕಲಿತು ಬಂದ್ರಿ?'